ಪಾಟೀಲನ ಟೈರು, ಕುಲಕರ್ಣಿಯವರ ವಡೆ

ಪಾಟೀಲ ತನ್ನ ಪಿಕಪ್‌ಗೆ ದೊಡ್ಡ ಟೈರು ಹಾಕಿಸಿದ ದಿನದಿಂದ, ಪುಣೆಯ ನಿಗಡಿಯಲ್ಲಿ ನಾವು ಭಾನುವಾರ ಸೇರುವ ಉಡುಪಿ ಹೋಟೆಲಿನ ಮೇಜಿಗೆ ಬೇರೆ ವಿಷಯವೇ ಇಲ್ಲ. 255/60 ಆರ್18 ಇದ್ದದ್ದನ್ನು ಕಿತ್ತು 285/65 ಆರ್18 ಏರಿಸಿದ್ದಾನೆ. ಗತ್ತೇನೋ ಬಂದಿದೆ. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಗಿರಣಿಯಲ್ಲಿ ಜೋಳ ಬೀಸಿದಂತೆ ಸದ್ದು.

"ಟೈರಿನ ಒಳಮೈ ಸಸ್ಪೆನ್ಷನ್ನಿನ ಮೇಲಿನ ತೋಳಿಗೆ ಉಜ್ಜುತ್ತಿದೆ, ಅಷ್ಟೇ. ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ 30 ಮಿ.ಮೀ. ದಪ್ಪದ ಸ್ಪೇಸರ್ ಬಿಲ್ಲೆ ಹಾಕಿ ಚಕ್ರವನ್ನು ಹೊರಗೆ ತಳ್ಳಿದರೆ ಮುಗಿಯಿತು. ಬಿಡಿಭಾಗ ಸಿಗುವ ನಾನಾ ಪೇಟೆಗೆ ಹೋಗಿ ಬರುತ್ತೇನೆ" ಎಂದ.

ಕುಲಕರ್ಣಿಯವರು ಚಾಕಣದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದವರು. ತಾಳಿ ಕಟ್ಟುವ ಮೊದಲು ದಾರದ ದಪ್ಪವನ್ನು ಅಳೆದಿದ್ದರು ಎಂಬುದು ನಮ್ಮ ಬಹುದಿನಗಳ ಗುಮಾನಿ. ತಟ್ಟೆಯಲ್ಲಿದ್ದ ಉದ್ದಿನ ವಡೆಯನ್ನು ಎತ್ತಿ ಹಿಡಿದರು.

"ಇದು ಸ್ಪೇಸರ್ ಎಂದುಕೋ. ಈ ತೂತು ಹಬ್‌ನ ನಡುವಿನ ಉಬ್ಬಿನ ಮೇಲೆ ಬಿಗಿಯಾಗಿ ಕೂರಬೇಕು. ಸಡಿಲವಿದ್ದರೆ ಚಕ್ರ ನಡುಮಧ್ಯಕ್ಕೆ ಬರುವುದಿಲ್ಲ, ವೇಗ ಏರಿದಾಗ ಸ್ಟೀರಿಂಗಿಗೆ ಚಳಿಜ್ವರ. ತೂತಿನ ಅಳತೆ ಎಷ್ಟು?"

"139.7" ಎಂದ ಪಾಟೀಲ, ಹೆಮ್ಮೆಯಿಂದ.

"ಅದು ಆರು ಬೋಲ್ಟುಗಳು ನಿಂತಿರುವ ವೃತ್ತದ ವ್ಯಾಸ. ನಾನು ಕೇಳಿದ್ದು ನಡುವಿನ ತೂತು."

ಪಾಟೀಲ ಕಾಫಿ ಕುಡಿದ. "ಅದೆಲ್ಲ ಏಕೆ? ಭೋಸರಿಯ ಲೇತ್‌ನವನು ಅರ್ಧ ಬೆಲೆಗೆ ಕಡೆದು ಕೊಡುತ್ತಾನಂತೆ, ಅಲ್ಯೂಮಿನಿಯಂನಲ್ಲಿ."

"ಯಾವ ಅಲ್ಯೂಮಿನಿಯಂ?"

"ಬಿಳಿಯದು."

ಕುಲಕರ್ಣಿಯವರು ವಡೆಯನ್ನು ಕೆಳಗಿಟ್ಟು ಕಣ್ಣು ಮುಚ್ಚಿದರು. 6061-ಟಿ6 ಎಂದು ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ ಹೆಸರನ್ನು ಎರಡು ಸಲ ಜಪಿಸಿದ ಮೇಲೆಯೇ ಅವರಿಗೆ ಮಾತು ಬಂದದ್ದು.

ಸಂಧಾನಕ್ಕೆಂದು ನಾನು ಬಾಯಿ ಹಾಕಿದೆ: "5 ಮಿ.ಮೀ.ನ ತೆಳು ಬಿಲ್ಲೆ ಸಾಲದೇ?"

"ಹಬ್‌ನಿಂದ ಹೊರಚಾಚಿದ 12 ಮಿ.ಮೀ. ದಪ್ಪದ ಸ್ಟಡ್ಡನ್ನು, ಅಂದರೆ ಆ ಬೋಲ್ಟನ್ನು, ನಟ್ಟು ಅಷ್ಟೇ ಆಳಕ್ಕೆ ಕಚ್ಚಬೇಕು. ಪಿಚ್, ಅಂದರೆ ಸುತ್ತಿಗೆ 1.5 ಮಿ.ಮೀ. ಎಂದರೆ ಎಂಟು ಸುತ್ತು. ನಡುವೆ ಬಿಲ್ಲೆ ತೂರಿಸಿದರೆ ಅಷ್ಟು ಸುತ್ತು ಉಳಿಯುತ್ತದೆಯೇ? ನಮ್ಮ ವಿಜಯಪುರದಲ್ಲಿ ಕಡೆಗೀಲಿಲ್ಲದ ಬಂಡಿಗೆ ಎತ್ತು ಕೂಡ ಹೆಗಲು ಕೊಡುವುದಿಲ್ಲ. ದಪ್ಪನೆಯದಕ್ಕೆ ತನ್ನದೇ ಸ್ಟಡ್ಡುಗಳಿರುತ್ತವೆ, ನಿಜ. ಆದರೆ ಅದನ್ನು ಹಬ್‌ಗೆ ಹಿಡಿದ ನಟ್ಟುಗಳು ಚಕ್ರದ ಹಿಂದೆ ಅಡಗಿ ಕೂರುತ್ತವೆ. ನೂರು ಕಿ.ಮೀ. ಓಡಿಸಿದ ಮೇಲೆ ಚಕ್ರ ಬಿಚ್ಚಿ, ಟಾರ್ಕ್ ವ್ರೆಂಚ್‌ನಿಂದ ಮತ್ತೆ ಬಿಗಿ ನೋಡಬೇಕು. ನೋಡುತ್ತೀಯಾ?"

ತನ್ನ ಕನ್ನಡಕದ ತಿರುಪನ್ನೇ ಬಿಗಿ ಮಾಡದೆ ದಾರ ಕಟ್ಟಿಕೊಂಡು ತಿರುಗುವವನು ಪಾಟೀಲ. ನಾವು ಯಾರೂ ಮಾತಾಡಲಿಲ್ಲ.

ಗಲ್ಲಾದಿಂದ ಎದ್ದು ಬಂದ ಶೆಟ್ಟರಿಗೆ ಬೇರೆಯೇ ಸಂಶಯ: "ಹೊರಗೆ ತಳ್ಳಿದರೆ ಉಜ್ಜುವುದು ನಿಲ್ಲುತ್ತದೆಯೇ?"

"ಒಳಗೆ ನಿಲ್ಲುತ್ತದೆ, ಶೆಟ್ಟರೇ. ಚಕ್ರ ಹೊರಗೆ ಹೋದಷ್ಟೂ ಹೊರಳುವಾಗ ದೊಡ್ಡ ಕಮಾನು ಬರೆಯುತ್ತದೆ." ಕುಲಕರ್ಣಿಯವರು ವಡೆಯನ್ನು ತಟ್ಟೆಯ ಅಂಚಿಗೆ ಸರಿಸಿ ತಿರುಗಿಸಿದರು. ಅದು ಚಟ್ನಿ ಬಟ್ಟಲಿಗೆ ಬಡಿಯಿತು. "ಇದು ಬಂಪರು."

"ಅಂದರೆ ಅತ್ತೆಯ ಕಾಟ ತಾಳದೆ ಮಾವನ ಮನೆಗೆ ಹೋದಂತೆ" ಎಂದರು ಶೆಟ್ಟರು. ಒಳಸರಿತ (ಆಫ್‌ಸೆಟ್) ಕಡಿಮೆ ಇರುವ, ಅಂದರೆ ಚಕ್ರವನ್ನು ತಾನೇ ಹೊರಗೆ ನಿಲ್ಲಿಸುವ ರಿಮ್ಮನ್ನೇ ಮೊದಲು ಆರಿಸಿದ್ದರೆ ಈ ಬಿಲ್ಲೆಯ ಗೊಡವೆಯೇ ಇರುತ್ತಿರಲಿಲ್ಲ. ಆದರೆ ರಿಮ್ಮಿನ ಕಂತು ಇನ್ನೂ ನಡೆಯುತ್ತಿದೆ, ಆ ಮಾತನ್ನು ಎತ್ತುವಂತಿಲ್ಲ. ಬದಲಿಗೆ ನಾನು, ಗಾಡಿಯನ್ನು ಮನಬಂದಂತೆ ಮಾರ್ಪಡಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಎತ್ತಿದೆ. ಹಳೆಯ ಟೈರಿಗೆ ಹೊಂದಿಸಿದ ಮೀಟರು 100 ಎಂದಾಗ ಗಾಡಿ 108ರಲ್ಲಿ ಓಡುತ್ತದೆ ಎಂದೂ ಹೇಳಿದೆ. ಪಾಟೀಲನ ಮುಖ ಅರಳಿತು. ಎಂಟು ಕಿ.ಮೀ. ಪುಕ್ಕಟೆ ಸಿಕ್ಕಿತೆಂದುಕೊಂಡಿರಬೇಕು.

ಕೊನೆಗೆ ಕುಲಕರ್ಣಿಯವರು ಜೇಬಿನಿಂದ ಟೇಪು ತೆಗೆದರು. "ಎರಡೂ ಬದಿ ಸೇರಿ 60 ಮಿ.ಮೀ. ಅಗಲವಾಗುತ್ತದೆ. ನಿನ್ನ ಸೊಸೈಟಿಯ ಕಂಬಗಳ ನಡುವೆ ಈಗಲೇ ಕನ್ನಡಿ ಮಡಿಸಿ, ಉಸಿರು ಬಿಗಿಹಿಡಿದು ಒಳಗೆ ಹೋಗುತ್ತೀಯಲ್ಲ?"

ಪಾಟೀಲ ಬಹಳ ಹೊತ್ತು ಸುಮ್ಮನಿದ್ದ. ಗೆದ್ದೆವು ಎಂದುಕೊಂಡೆವು.

"ಸರಿ, ಮುಂದೆ ಬೇಡ" ಎಂದ. "ಹಿಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಹೊರಳುವುದಿಲ್ಲವಲ್ಲ, ಅವಕ್ಕಾದರೂ ಹಾಕಿಸಲೇ?"

ಕುಲಕರ್ಣಿಯವರು ಮಾಣಿಯನ್ನು ಕರೆದು ಇನ್ನೊಂದು ಪ್ಲೇಟು ವಡೆ ಹೇಳಿದರು.