ಫೋನ್ ಇಲ್ಲದಿದ್ದರೆ ಮಗಳು ಬಾಯಿ ತೆರೆಯುವುದಿಲ್ಲ. ಅತ್ತೆಗೆ ಹೇಗೆ ಹೇಳಲಿ?

ವಿಜಯನಗರದ ಅಮ್ಮ:

ನನ್ನ ಮಗಳಿಗೆ ಈಗ 2 ವರ್ಷ 7 ತಿಂಗಳು. ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ನಾನು ವಾಪಸ್ ಬರುವಾಗ ಏಳು ಗಂಟೆ. ಅಲ್ಲಿಯವರೆಗೂ ಪುಟ್ಟಿಯನ್ನು ನೋಡಿಕೊಳ್ಳುವವರು ನಮ್ಮತ್ತೆ. ಅವರಿಗೆ 64. ಮಂಡಿನೋವು ಇದೆ, ಮಗುವಿನ ಹಿಂದೆ ಓಡಲು ಆಗುವುದಿಲ್ಲ.

ಹೋದ ಮಂಗಳವಾರ ರಾತ್ರಿ ಕರೆಂಟ್ ಹೋಯಿತು. ಅತ್ತೆಯ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ನನ್ನದು ಇತ್ತು, ನಾನು ಕೊಡಲಿಲ್ಲ. ಮೇಣದಬತ್ತಿ ಹಚ್ಚಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ಸಾರು ಕಲಸಿದೆ. ಬಾಯಿ ತೆರೆಯಲೇ ಇಲ್ಲ. ಅಳಲೂ ಇಲ್ಲ. ಎದುರಿಗೆ ನೋಡುತ್ತಾ ಗಾಳಿಯಲ್ಲೇ ಬೆರಳನ್ನು ಮೇಲಕ್ಕೆ ತಳ್ಳುತ್ತಿದ್ದಳು. ಫೋನಿನಲ್ಲಿ ಮುಂದಿನ ವಿಡಿಯೋ ಬರಲಿ ಎಂದು ತಳ್ಳುತ್ತೇವಲ್ಲ, ಹಾಗೆ. ಆ ಬೆರಳು ನೋಡಿ ನನಗೆ ಅಳು ಬಂತು.

ಮರುದಿನ ಅತ್ತೆಯ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದೆ. ಹಿಂದಿನ ದಿನದ ಯೂಟ್ಯೂಬ್ 3 ಗಂಟೆ 10 ನಿಮಿಷ. ತಿಂಡಿಗೆ, ಮಧ್ಯಾಹ್ನದ ಊಟಕ್ಕೆ, ಸಂಜೆ ಹಾಲಿಗೆ, ಅತ್ತೆ ಅಡುಗೆ ಮಾಡುವಾಗ.

ಎರಡು ಪ್ರಶ್ನೆ. ಈ ವಯಸ್ಸಿಗೆ ಎಷ್ಟು ಹೊತ್ತು ಸರಿ? ಮತ್ತೆ, ಅತ್ತೆಗೆ ನೋವಾಗದ ಹಾಗೆ ಇದನ್ನು ಹೇಗೆ ಹೇಳುವುದು? ಒಮ್ಮೆ ಹೇಳಿದ್ದೆ. "ನಾನೂ ಮೂರು ಮಕ್ಕಳನ್ನು ಸಾಕಿದವಳೇ" ಅಂದವರು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವರಿಲ್ಲದಿದ್ದರೆ ನಾನು ಕೆಲಸಕ್ಕೆ ಹೋಗಲು ಆಗುವುದಿಲ್ಲ. ಅವರಿಗೆ ಪುಟ್ಟಿ ಅಂದರೆ ಪ್ರಾಣ, ಅದೂ ಗೊತ್ತು.

ಶಿವಮೊಗ್ಗದ ಇಬ್ಬರ ಅಪ್ಪ:

ಮೊದಲ ಪ್ರಶ್ನೆಗೆ ಉತ್ತರ ಇದೆ ಅಕ್ಕ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು. ವರ್ಷ ತುಂಬದ ಮಕ್ಕಳಿಗೆ ಬೇಡವೇ ಬೇಡ. ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ 2 ವರ್ಷದ ಒಳಗೆ ಬೇಡ, 2ರಿಂದ 5ರವರೆಗೆ 1 ಗಂಟೆ ದಾಟಬಾರದು ಎನ್ನುತ್ತದೆ. ಅಜ್ಜಿ ತಾತನ ಜೊತೆ ಆಗಾಗ ವಿಡಿಯೋ ಕಾಲ್ ಮಾಡಿದರೆ ತೊಂದರೆ ಇಲ್ಲ.

ನನ್ನ ಅನುಭವದಲ್ಲಿ ಎಷ್ಟು ಹೊತ್ತು ಎನ್ನುವುದಕ್ಕಿಂತ ಯಾವ ಹೊತ್ತು ಎನ್ನುವುದು ಮುಖ್ಯ. ಊಟದ ಹೊತ್ತು ಮತ್ತು ಮಲಗುವ ಮುಂಚಿನ ಒಂದು ಗಂಟೆ, ಇವೆರಡನ್ನು ಮೊದಲು ಬಿಡಿಸಿ. ಉಳಿದದ್ದು ತಾನಾಗಿಯೇ ಕಡಿಮೆಯಾಗುತ್ತದೆ. ಮತ್ತೆ, ಮಗುವಿನ ಕೈಗೆ ಫೋನ್ ಕೊಡಬೇಡಿ. ನೋಡಲೇಬೇಕು ಅಂದರೆ ಟಿವಿಯಲ್ಲಿ ಹಾಕಿ. ಟಿವಿ ದೂರ ಇರುತ್ತದೆ, ಬೆರಳಿಗೆ ಸಿಗುವುದಿಲ್ಲ, ಮನೆಯವರಿಗೂ ಕಾಣುತ್ತದೆ. ಒಂದಾದ ಮೇಲೊಂದು ತಾನೇ ಶುರುವಾಗುವ ಆಟೋಪ್ಲೇ ಆಫ್ ಮಾಡಿ. ಯೂಟ್ಯೂಬ್ ಕಿಡ್ಸ್‌ನಲ್ಲಿ ಟೈಮರ್ ಇದೆ. ನೀವು ಆರಿಸಿದ ವಿಡಿಯೋ ಮಾತ್ರ ಬರುವ ಹಾಗೂ ಇಡಬಹುದು.

ನಮ್ಮ ದೊಡ್ಡವನಿಗೆ ಬಿಡಿಸಿದಾಗ ಮೊದಲ ನಾಲ್ಕು ದಿನ ಬಹಳ ಕಷ್ಟ ಆಯಿತು. ಐದನೇ ದಿನದಿಂದ ಕೇಳುವುದು ಕಡಿಮೆಯಾಯಿತು.

ನ್ಯೂಜೆರ್ಸಿಯಿಂದ:

ನಮ್ಮದು ಸ್ವಲ್ಪ ಬೇರೆ ಕಥೆ. ಮಗನಿಗೆ ಕನ್ನಡ ಬರಲಿ ಎಂದು ದಿನಾ ಒಂದು ಗಂಟೆ ಕನ್ನಡ ಶಿಶುಗೀತೆಗಳ ವಿಡಿಯೋ ಹಾಕುತ್ತಿದ್ದೆ. ಇಲ್ಲಿ ಡೇಕೇರ್‌ನಲ್ಲಿ ಇಂಗ್ಲಿಷ್, ಮನೆಯಲ್ಲಿ ನಾವಿಬ್ಬರೇ. ಎರಡು ವರ್ಷ ತುಂಬುವಷ್ಟರಲ್ಲಿ ಹತ್ತು ಹಾಡು ಬಾಯಿಪಾಠ ಆಯಿತು. ಆದರೆ "ನೀರು ಬೇಕಾ?" ಅಂದರೆ ಸುಮ್ಮನೆ ಮುಖ ನೋಡುತ್ತಿದ್ದ. ಹಾಡು ಬಂತು, ಮಾತು ಬರಲಿಲ್ಲ. ವಿಡಿಯೋ ಪ್ರಶ್ನೆ ಕೇಳುತ್ತದೆ, ಆದರೆ ಮಗು ಏನು ಹೇಳಿತು ಎಂದು ಕೇಳಿಸಿಕೊಳ್ಳುವುದಿಲ್ಲ ಅಲ್ವಾ?

ಆಮೇಲೆ ಶಿರಸಿಯಲ್ಲಿರುವ ಅಮ್ಮನ ಹತ್ತಿರ ಮಾತಾಡಿ ಹೊತ್ತು ಗೊತ್ತು ಮಾಡಿಕೊಂಡೆವು. ಇಲ್ಲಿ ಬೆಳಗಿನ ತಿಂಡಿ, ಅಲ್ಲಿ ಸಂಜೆ. ಅಮ್ಮ ಕೊಟ್ಟಿಗೆಯಲ್ಲಿ ನಿಂತು ದನಕ್ಕೆ ಹುಲ್ಲು ಹಾಕುತ್ತಾ ಮಾತಾಡುತ್ತಾರೆ. "ಇದರ ಹೆಸರೇನೋ?" ಎನ್ನುತ್ತಾರೆ. ಇವನು ಹೇಳುವವರೆಗೂ ಕಾಯುತ್ತಾರೆ. ಮೂರು ತಿಂಗಳಲ್ಲಿ "ಅಜ್ಜಿ, ಕರು ಎಲ್ಲಿ?" ಎಂದು ಅವನೇ ಕೇಳಿದ. ಅದೂ ಪರದೆಯೇ. ಆದರೆ ಆ ಕಡೆ ಒಬ್ಬರು ಇದ್ದಾರೆ.

ಕುವೆಂಪುನಗರದ ಅಜ್ಜಿ:

ನೋಡಮ್ಮ, ನಾನು ನಿನ್ನ ಅತ್ತೆಯ ಜಾಗದಲ್ಲಿ ಇರುವವಳು. ಮೈಸೂರಿನಲ್ಲಿ ಮಗ ಸೊಸೆ ಜೊತೆ ಇದ್ದೇನೆ. ಮೊಮ್ಮಗನಿಗೆ ಈಗ ನಾಲ್ಕು. ಅವನ ಎರಡನೇ ವರ್ಷದಲ್ಲಿ ನಾನೂ ಫೋನ್ ಕೊಟ್ಟೇ ಊಟ ಮಾಡಿಸಿದ್ದೇನೆ. ಯಾಕೆ ಎಂದು ಹೇಳುತ್ತೇನೆ, ಕೇಳು.

ಸಂಜೆ ಸೊಸೆ ಬರುತ್ತಿದ್ದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮಗುವನ್ನು ಎತ್ತಿಕೊಂಡು ಮೊದಲು ಕೇಳುತ್ತಿದ್ದ ಮಾತು, "ಮಧ್ಯಾಹ್ನ ಎಷ್ಟು ತಿಂದ ಅತ್ತೆ?" ಅವಳು ಪ್ರೀತಿಯಿಂದಲೇ ಕೇಳುತ್ತಿದ್ದಳು. ಆದರೆ ನನಗೆ ಅದು ಪರೀಕ್ಷೆ. ತಟ್ಟೆ ಖಾಲಿಯಾಗಿದ್ದರೆ ನಾನು ಪಾಸು. ಅರ್ಧ ಉಳಿದಿದ್ದರೆ ಅವಳ ಮುಖ ಸಣ್ಣಗಾಗುತ್ತಿತ್ತು. ಏನೂ ಅನ್ನುತ್ತಿರಲಿಲ್ಲ. ಆ ಮುಖಕ್ಕೆ ಹೆದರಿಯೇ ನಾನು ಫೋನ್ ಹಚ್ಚುತ್ತಿದ್ದೆ. ಫೋನ್ ಇದ್ದರೆ ಹದಿನೈದು ನಿಮಿಷದಲ್ಲಿ ತಟ್ಟೆ ಖಾಲಿ. ಅವನಿಗೆ ಹಸಿವಿದೆಯೋ ಹೊಟ್ಟೆ ತುಂಬಿದೆಯೋ, ಅವನಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ.

ನಾವು ಹಿಂದೆ ಚಂದಮಾಮನನ್ನು ತೋರಿಸಿ ತುತ್ತು ಕೊಟ್ಟವರೇ. ಕಾಗೆ, ಗುಬ್ಬಿ, ಬೀದಿಯಲ್ಲಿ ಹೋಗುವ ಹಸು ತೋರಿಸಿದ್ದೇವೆ. ಆದ್ದರಿಂದ ಫೋನ್ ತಪ್ಪು ಅಂದರೆ ನಮಗೆ ಮೊದಲು ಅರ್ಥವಾಗುವುದಿಲ್ಲ. ಆಗಲೂ ಗಮನ ಬೇರೆ ಕಡೆ ಇಟ್ಟೇ ಉಣಿಸಿದ್ದು ತಾನೇ ಎಂದು ಅನಿಸುತ್ತದೆ. ಆದರೆ ಕಾಗೆ ಹಾರಿ ಹೋಗುತ್ತಿತ್ತು. ಹೋದ ಮೇಲೆ ಮಗು ನನ್ನ ಮುಖ ನೋಡುತ್ತಿತ್ತು, "ಎಲ್ಲಿ ಹೋಯ್ತು?" ಎನ್ನುತ್ತಿತ್ತು. ಫೋನಿನಲ್ಲಿರುವುದು ಹಾರಿ ಹೋಗುವುದಿಲ್ಲ. ಮಗು ನನ್ನ ಮುಖ ನೋಡುವುದೂ ಇಲ್ಲ.

ನಮ್ಮ ಮನೆಯಲ್ಲಿ ಬದಲಾಗಿದ್ದು ಹೇಗೆ ಅಂದರೆ, ಸೊಸೆ ಆ ಪ್ರಶ್ನೆ ಕೇಳುವುದನ್ನು ಬಿಟ್ಟಳು. ಒಂದು ದಿನ ಪಕ್ಕದಲ್ಲಿ ಕೂತು, "ಅತ್ತೆ, ಅವನು ತಿನ್ನದಿದ್ದರೆ ಬಿಡಿ. ರಾತ್ರಿ ನಾನು ತಿನ್ನಿಸುತ್ತೇನೆ. ನಿಮ್ಮನ್ನು ನಾನು ಏನೂ ಕೇಳುವುದಿಲ್ಲ" ಅಂದಳು. ನನ್ನ ತಲೆಯ ಮೇಲಿಂದ ಮೂಟೆ ಇಳಿಸಿದ ಹಾಗಾಯಿತು.

ಅತ್ತೆಗೆ ಏನು ಕಷ್ಟ ಎಂದು ಕೇಳು. ಅಡುಗೆ ಮಾಡುವಾಗ ಒಲೆ ಹತ್ತಿರ ಮಗು ಬರುತ್ತದೆ ಎಂಬ ಭಯ ಇರಬಹುದು. ಆಗ ನೀನು ಬೆಳಿಗ್ಗೆಯೇ ಸಾರು ಪಲ್ಯ ಮಾಡಿಟ್ಟು ಹೋಗು, ಅನ್ನ ಒಂದು ಇಡುತ್ತಾರೆ. ನಿನ್ನ ಗಂಡನೂ ಮಾಡಲಿ, ಅವನ ಮಗಳೂ ಹೌದಲ್ಲ. ಕೂತಲ್ಲೇ ಆಡಿಸಲು ಬೇಕಾದಷ್ಟಿದೆ. ನಾನು ಹುರುಳಿಕಾಯಿ ಮುರಿಯಲು ಕೊಡುತ್ತೇನೆ, ಸೊಪ್ಪು ಬಿಡಿಸಲು ಕೊಡುತ್ತೇನೆ, ಚಪಾತಿ ಹಿಟ್ಟಿನ ಒಂದು ಉಂಡೆ ಕೊಡುತ್ತೇನೆ. ಸ್ಟೀಲ್ ಡಬ್ಬಿಗಳನ್ನು ಒಂದರೊಳಗೊಂದು ಇಡುವ ಆಟ ಅರ್ಧ ಗಂಟೆ ನಡೆಯುತ್ತದೆ. ಹುಣಸೆ ಬೀಜ, ಕಡಲೆಕಾಳು ಮಾತ್ರ ಕೊಡಬೇಡಿ. ಈ ವಯಸ್ಸಿನವರು ಬಾಯಿಗೋ ಮೂಗಿಗೋ ಹಾಕಿಕೊಳ್ಳುತ್ತಾರೆ.

ಮೂರು ಮಕ್ಕಳನ್ನು ಸಾಕಿದವಳು ಅಂದರಲ್ಲ ನಿನ್ನ ಅತ್ತೆ, ಅದು ನಿಜ. ಆ ಮೂವರು ಮಕ್ಕಳ ಕಥೆ ಕೇಳು. ಊಟ ಹೇಗೆ ಮಾಡಿಸುತ್ತಿದ್ದಿರಿ ಎಂದು ಕೇಳು. ಅಲ್ಲಿಂದಲೇ ದಾರಿ ಸಿಗುತ್ತದೆ.

ಅಂಗನವಾಡಿ ಟೀಚರ್, ದಾವಣಗೆರೆ ಜಿಲ್ಲೆ:

ಅಜ್ಜಿ ಹೇಳಿದ್ದು ನೂರಕ್ಕೆ ನೂರು ನಿಜ. ಇದು ಬೆಂಗಳೂರಿನ ತೊಂದರೆ ಮಾತ್ರ ಅಲ್ಲ. ನಮ್ಮ ಹಳ್ಳಿಯಲ್ಲೂ ತಾಯಂದಿರು ಹೊಲಕ್ಕೆ ಹೋದಾಗ ಮಗು ಅಜ್ಜಿ ಹತ್ತಿರ, ಅಜ್ಜಿ ಕೈಯಲ್ಲಿ ಫೋನ್.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಹೆಸರು ಕರೆದರೆ ಮಗು ತಿರುಗುತ್ತಾಳಾ? ಎರಡು ಪದ ಸೇರಿಸಿ ಮಾತಾಡುತ್ತಾಳಾ? ಇಲ್ಲ ಅಂದರೆ ಎಲ್ಲಾ ಫೋನಿನಿಂದಲೇ ಎಂದುಕೊಂಡು ಕೂರಬೇಡಿ. ಕಿವಿ ಪರೀಕ್ಷೆ ಮಾಡಿಸಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಇದೇ ಅವರ ಕೆಲಸ. ಬೇಗ ತೋರಿಸಿದಷ್ಟು ಒಳ್ಳೆಯದು.

ವಿಜಯನಗರದ ಅಮ್ಮ:

ಮೂರು ವಾರ ಆಯಿತು. ಎಲ್ಲರಿಗೂ ಹೇಳಬೇಕು ಅನಿಸಿತು.

ಟೀಚರ್, ಪುಟ್ಟಿ ತಿರುಗುತ್ತಾಳೆ, "ಅಜ್ಜಿ ಬಾ", "ಹಾಲು ಬೇಡ" ಎನ್ನುತ್ತಾಳೆ. ಆದರೂ ಡಾಕ್ಟರಿಗೆ ತೋರಿಸಿದೆ. ಕಿವಿ ಚೆನ್ನಾಗಿದೆ.

ಅಜ್ಜಿ, ನಿಮ್ಮ ಉತ್ತರವನ್ನು ಬಸ್ಸಿನಲ್ಲಿ ಓದಿದೆ. ನಾನೂ ದಿನಾ ಅದೇ ಪ್ರಶ್ನೆ ಕೇಳುತ್ತಿದ್ದೆ. "ಎಷ್ಟು ತಿಂದಳು ಅತ್ತೆ?" ಬಾಗಿಲಲ್ಲೇ. ಎರಡು ವರ್ಷದಿಂದ. ಅವತ್ತು ಸಂಜೆ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಮೂರನೇ ದಿನ ಅತ್ತೆಯೇ "ಯಾಕೆ, ಏನೂ ಕೇಳ್ತಾನೇ ಇಲ್ಲ?" ಅಂದರು. ಆಗ ಕೂತು ಮಾತಾಡಿದೆ. ನಾನು ಅತ್ತುಬಿಟ್ಟೆ, ಅವರೂ ಅತ್ತರು. ಮಂಡಿನೋವಿಗೆ ಮಗುವನ್ನು ಹಿಡಿಯಲು ಆಗುವುದಿಲ್ಲ, ಎಲ್ಲಿ ಬಿದ್ದುಬಿಡುತ್ತಾಳೋ ಎಂಬ ಭಯ, ಅದಕ್ಕೇ ಒಂದು ಕಡೆ ಕೂರಿಸಲು ಫೋನ್ ಎಂದರು. ಇದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಈಗ ಅಡುಗೆಮನೆ ಬಾಗಿಲಿಗೆ ಸಣ್ಣ ಗೇಟು ಹಾಕಿಸಿದ್ದೇವೆ. ಬೆಳಗಿನ ಪಲ್ಯ ನನ್ನ ಗಂಡನ ಕೆಲಸ. ಸಂಜೆ ಐದರಿಂದ ಅರ್ಧ ಗಂಟೆ ಟಿವಿ, ಅತ್ತೆಯೂ ಜೊತೆಗೆ ಕೂರುತ್ತಾರೆ. ಊಟಕ್ಕೆ ಫೋನ್ ಇಲ್ಲ. ಮೊದಲ ವಾರ ಬರೀ ಮೊಸರನ್ನ, ಅದೂ ನಾಲ್ಕು ತುತ್ತು. ಈಗ ತಟ್ಟೆಗೆ ಕೈ ಹಾಕಿ ತಾನೇ ತಿನ್ನುತ್ತಾಳೆ. ನೆಲದ ಮೇಲೆ ಅನ್ನ ಜಾಸ್ತಿ, ಹೊಟ್ಟೆಗೆ ಕಡಿಮೆ. ನಿನ್ನೆ ನಾನು ಕೇಳದೆಯೇ ಅತ್ತೆ ಹೇಳಿದರು, "ಇವತ್ತು ಎರಡೇ ತುತ್ತು ತಿಂದಳು. ಹಸಿವಿರಲಿಲ್ಲ ಅನ್ಸುತ್ತೆ." ಹೇಳುವಾಗ ಅವರ ಮುಖದಲ್ಲಿ ಭಯ ಇರಲಿಲ್ಲ.

ಇನ್ನೊಂದು ಉಳಿದಿದೆ. ಮುಂದಿನ ವಾರ ಹಾಸನಕ್ಕೆ ಮದುವೆಗೆ ಹೋಗಬೇಕು, ಬಸ್ಸಿನಲ್ಲಿ ನಾಲ್ಕು ಗಂಟೆ. ಫೋನ್ ಕೊಡದೆ ಅಷ್ಟು ಹೊತ್ತು ಹೇಗೆ ಕೂರಿಸುವುದು? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.