ಸಹಾಯ ಬೇಕು: ವರ್ಡ್‌ಪ್ರೆಸ್‌ನಲ್ಲಿ ಯಾವ ಫೋಟೊ ಧೈರ್ಯವಾಗಿ ಅಳಿಸಬಹುದು?

ಎಲ್ಲರಿಗೂ ನಮಸ್ಕಾರ. ಅಮ್ಮನ ಅಡುಗೆಗಳನ್ನ ಬರೆದಿಡೋಕೆ ಅಂತ 2017ರಲ್ಲಿ ಒಂದು ಸಣ್ಣ ವರ್ಡ್‌ಪ್ರೆಸ್ ಸೈಟ್ ಮಾಡಿದ್ದೆ. ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ಮಾತ್ರ ಹಳೇ ಮನೆ ಅಟ್ಟ. ಹೋಸ್ಟಿಂಗ್ ಜಾಗ ತುಂಬ್ತಾ ಬಂದಿದೆ ಅಂತ ಮೇಲ್ ಬಂದ ಮೇಲೆ ಕ್ಲೀನ್ ಮಾಡೋಕೆ ಕೂತೆ.

ಅರ್ಧಂಬರ್ಧ ಡ್ರಾಫ್ಟು, ಬಳಸದ ಪ್ಲಗಿನ್ (ಸೈಟಿಗೆ ಸೇರಿಸೋ ಹೆಚ್ಚುವರಿ ಸಾಫ್ಟ್‌ವೇರ್), ಹಳೇ ಥೀಮ್ ಎಲ್ಲ ತೆಗೆದೆ. ಒಂದೊಂದು ಪೋಸ್ಟಿಗೂ ಮೂವತ್ತು ನಲವತ್ತು ರಿವಿಷನ್ (ತಿದ್ದಿದಾಗೆಲ್ಲ ಉಳಿಯೋ ಹಳೇ ಪ್ರತಿ) ಇದ್ವು, ಅವನ್ನೂ ಅಳಿಸಿ ಕಾನ್ಫಿಗ್ (ಸೆಟ್ಟಿಂಗ್) ಫೈಲಲ್ಲಿ ಮಿತಿ 5ಕ್ಕೆ ಇಟ್ಟೆ. ಇಷ್ಟಾದ್ರೂ ಉಳಿದ ಜಾಗ ಅಷ್ಟಕ್ಕಷ್ಟೆ. ತಿಂತಿರೋದು ಫೋಟೊಗಳೇ. ಒಂದು ದೊಡ್ಡ ಫೋಟೊ ಹಾಕಿದ್ರೆ ವರ್ಡ್‌ಪ್ರೆಸ್ 150, 300, 768, 1024 ಪಿಕ್ಸೆಲ್ ಅಂತ ಬೇರೆ ಬೇರೆ ಅಳತೆಯ ಪ್ರತಿಗಳ ಮರಿ ತಾನೇ ಹಾಕುತ್ತೆ. ವರ್ಡ್‌ಪ್ರೆಸ್ 5.3 ಆವೃತ್ತಿ ಬಂದ ಮೇಲೆ 1536, 2048 ಕೂಡ ಸೇರ್ಕೊಂಡಿವೆ.

ಸಿಕ್ಕಿಹಾಕ್ಕೊಂಡಿರೋದು ಇಲ್ಲಿ. ಮೀಡಿಯಾ ಲೈಬ್ರರಿಯಲ್ಲಿ 'ಅನ್‌ಅಟ್ಯಾಚ್ಡ್' (ಯಾವ ಪೋಸ್ಟಿಗೂ ಜೋಡಿಸಿಲ್ಲದ್ದು) ಫಿಲ್ಟರ್ ಹಾಕಿದ್ರೆ 600ಕ್ಕೂ ಹೆಚ್ಚು ಫೋಟೊ ಬರ್ತವೆ. ಖುಷಿಯಿಂದ ಇಪ್ಪತ್ತು ಅಳಿಸಿದೆ, ನೋಡಿದ್ರೆ ನೀರುದೋಸೆ ಪೋಸ್ಟಿನ ಫೋಟೊನೇ ಮಾಯ! ಲಿಂಕ್ ಕಾಪಿ ಮಾಡಿ ಪೋಸ್ಟಿಗೆ ಅಂಟಿಸಿದ್ದೂ ಅದೇ ಪಟ್ಟಿಯಲ್ಲಿ ಬರುತ್ತೆ ಅಂತ ಆಗ ಗೊತ್ತಾಯ್ತು. ಪೋಸ್ಟಿಗೆ ಇರೋ ಹಾಗೆ ಮೀಡಿಯಾಗೆ ಟ್ರ್ಯಾಶ್ ಬೇರೆ ಇಲ್ಲ, ಅಳಿಸಿದ್ರೆ ಹೋಯ್ತು. ಬ್ಯಾಕಪ್ ಇತ್ತು, ಬದುಕಿದೆ.

ಪೋಸ್ಟ್, ಪೇಜ್, ಸೈಡ್‌ಬಾರ್, ಫೀಚರ್ಡ್ ಇಮೇಜ್ (ಪೋಸ್ಟಿನ ಮುಖ್ಯ ಚಿತ್ರ) ಎಲ್ಲೂ ಬಳಸದ ಫೋಟೊ ಇದೇ ಅಂತ ಖಚಿತವಾಗಿ ಗುರುತಿಸೋದು ಹೇಗೆ? ಕ್ಲೀನರ್ ಪ್ಲಗಿನ್ ನಂಬಬಹುದಾ, ಅಥವಾ ಡೇಟಾಬೇಸಲ್ಲಿ ಒಂದೊಂದೇ ಫೈಲ್ ಹೆಸರು ಹುಡುಕಬೇಕಾ? ಸ್ವತಃ ಮಾಡಿ ನೋಡಿದವರು ದಯವಿಟ್ಟು ಹೇಳಿ.