ವೀರಗಲ್ಲಿಗೆ ಬಳಿದಿರುವ ಎನಾಮಲ್ ಬಣ್ಣವನ್ನು ತೆಗೆಯಬೇಕಾಗಿದೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಸೊರಬ ತಾಲ್ಲೂಕಿನ ನಮ್ಮ ಸಣ್ಣ ಊರಿನ ಕೆರೆ ಏರಿಯ ಕೆಳಗೆ ಲಂಟಾನದ ಪೊದೆಯಲ್ಲಿ ಮುಚ್ಚಿಹೋಗಿದ್ದ ಒಂದು ತುರುಗೋಳ್ ವೀರಗಲ್ಲನ್ನು (ದನಗಳ ಅಪಹರಣದ ಕಾಳಗದಲ್ಲಿ ಮಡಿದ ವೀರನ ಸ್ಮಾರಕ ಕಲ್ಲನ್ನು) ಊರಿನವರೇ ಸೇರಿ, ಇದ್ದ ಜಾಗದಿಂದ ಕದಲಿಸದೆ, ಜೀರ್ಣೋದ್ಧಾರ ಮಾಡಲು ಹೊರಟಿದ್ದೇವೆ. ಕೆಳಗಿನ ಪಟ್ಟಿಕೆಯಲ್ಲಿ ಹಸುಗಳ ಹಿಂಡು ಮತ್ತು ಬಿಲ್ಲು ಹಿಡಿದ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ ಹಾಗೂ ಸೂರ್ಯಚಂದ್ರರು ಸ್ಪಷ್ಟವಾಗಿದ್ದಾರೆ. ಪಟ್ಟಿಕೆಗಳ ನಡುವೆ ಹಳಗನ್ನಡದ ಸಾಲುಗಳಿವೆ.

ತೊಂದರೆ ಇರುವುದು ಆ ಸಾಲುಗಳಲ್ಲೇ. ಹಿಂದೊಮ್ಮೆ ಜಾತ್ರೆಗೆಂದು ಯಾರೋ ಭಕ್ತಿಯಿಂದಲೇ ಇಡೀ ಕಲ್ಲಿಗೆ ಹಳದಿ ಎನಾಮಲ್ ಬಳಿದಿದ್ದು, ಅಕ್ಷರಗಳ ಗೆರೆಯೊಳಗೆ ಅದು ಗಟ್ಟಿಯಾಗಿ ಕೂತುಬಿಟ್ಟಿದೆ. ಬರೀ ನೀರು ಮತ್ತು ತೆಂಗಿನ ನಾರಿನಿಂದ ತಿಕ್ಕಿದಾಗ ಮಣ್ಣು, ಪಾಚಿ ಹೋದವೇ ಹೊರತು ಬಣ್ಣ ಅಲುಗಲಿಲ್ಲ. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದಾಗ ಉಗುರಿನಷ್ಟು ಬಣ್ಣದ ಜೊತೆಗೆ ಬೂದುಬಣ್ಣದ ಕಲ್ಲಿನ ಪುಡಿಯೂ ಉದುರಿದ್ದರಿಂದ ಅಲ್ಲಿಗೇ ನಿಲ್ಲಿಸಿದೆವು, ಏಕೆಂದರೆ ಇದು ಮೆದುವಾದ ಬಳಪದ ಕಲ್ಲು. ಆ್ಯಸಿಡ್ ಹಾಕಿ ಎಂದವರ ಮಾತನ್ನು ನಾವು ಕಿವಿಗೇ ಹಾಕಿಕೊಳ್ಳಲಿಲ್ಲ.

ಬಣ್ಣದಂಗಡಿಯವರು ಥಿನ್ನರ್ ಸಾಕು ಎನ್ನುತ್ತಾರೆ. ಆದರೆ ಕರಗಿದ ಬಣ್ಣ ಕಲ್ಲಿನ ರಂಧ್ರಗಳಿಗೆ ಇನ್ನಷ್ಟು ಇಳಿದರೆ ಶಾಶ್ವತವಾದ ಕಲೆಯಾಗಬಹುದು. ಹಾಗೆಯೇ ಬಿಟ್ಟರೆ ತೇವ ಒಳಗೇ ಸಿಕ್ಕಿಕೊಂಡು ಮೇಲ್ಪದರ ಎದ್ದು ಬರಬಹುದು. ಅಕ್ಷರ ಸ್ವಚ್ಛವಾಗದೆ ಶಾಸನದ ಪಡಿಯಚ್ಚು (ಕಾಗದ ಒತ್ತಿ ಪಡೆಯುವ ಅಕ್ಷರಗಳ ಪ್ರತಿ) ತೆಗೆಯುವಂತೆಯೂ ಇಲ್ಲ.

ಬಳಪದ ಕಲ್ಲಿನ ಶಾಸನದಿಂದ ಎನಾಮಲ್ ಬಣ್ಣವನ್ನು ಅಕ್ಷರ ಸವೆಯದಂತೆ ತೆಗೆಸಿದ ಅನುಭವ ನಿಮ್ಮಲ್ಲಿ ಯಾರಿಗಾದರೂ ಇದೆಯೇ, ಇದ್ದರೆ ಯಾವ ವಸ್ತುವನ್ನು ಹೇಗೆ ಬಳಸಿದಿರಿ ಮತ್ತು ಅದಕ್ಕೂ ಮೊದಲು ಪುರಾತತ್ತ್ವ ಇಲಾಖೆಗೆ ಮನವಿಯನ್ನು ಯಾರ ಮೂಲಕ ಸಲ್ಲಿಸಿದಿರಿ?